ಕೇರಳದ ಪ್ಯಾಕೇಜ್ ತಗೊಳ್ಳುವಾಗ ದಿನ ಅಲ್ಲ, ಗಂಟೆ ಕೇಳಿ

ಎರಡು ರಾತ್ರಿ ಮುನ್ನಾರ್, ಒಂದು ರಾತ್ರಿ ತೇಕ್ಕಡಿ, ಒಂದು ರಾತ್ರಿ ಅಲೆಪ್ಪಿಯ ಹೌಸ್‌ಬೋಟ್. ಕಾರು, ಡ್ರೈವರ್, ಬೆಳಗಿನ ತಿಂಡಿ ಎಲ್ಲ ಸೇರಿ 46,000 ರೂಪಾಯಿ. ಕಳೆದ ಫೆಬ್ರವರಿಯಲ್ಲಿ ನಾವು ತಗೊಂಡಿದ್ದ ಪ್ಯಾಕೇಜ್ ಇದು. ನಾನು, ನಮ್ಮ ಮನೆಯವರು, ಅತ್ತೆ, ಒಂಬತ್ತು ವರ್ಷದ ಮಗ. ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಎಷ್ಟು ಚೆನ್ನಾಗಿತ್ತೆಂದರೆ, ಅತ್ತೆ ಅದನ್ನು ತಮ್ಮ ತಂಗಿಯರಿಗೆಲ್ಲ ಕಳಿಸಿದ್ದರು.

ನಮಗೆ ಯಾರೂ ನೇರವಾಗಿ ಸುಳ್ಳು ಹೇಳಲಿಲ್ಲ. ಆ ಪಿಡಿಎಫ್‌ನ ಒಂದೊಂದು ಸಾಲೂ ಹೇಗೋ ಒಂದು ಲೆಕ್ಕದಲ್ಲಿ ನಿಜವೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಸುಳ್ಳಾಗಿದ್ದರೆ ನಮಗೂ ಮೊದಲೇ ಗೊತ್ತಾಗುತ್ತಿತ್ತು.

ಬೆಂಗಳೂರಿನಿಂದ ರಾತ್ರಿ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ ಬೆಳಗ್ಗೆ ನಮ್ಮನ್ನು ಆಲುವಾದಲ್ಲಿ ಇಳಿಸಿತು. ಪಿಡಿಎಫ್‌ನಲ್ಲಿ ಅದು ಮುನ್ನಾರ್‌ನ ಮೊದಲನೇ ದಿನ. ಆಲುವಾದಿಂದ ಮುನ್ನಾರ್‌ಗೆ 110 ಕಿಲೋಮೀಟರ್ ಆಸುಪಾಸು. ನೇರ್ಯಮಂಗಲಂ ಸೇತುವೆ ದಾಟಿದ ಮೇಲೆ ಘಾಟಿ. ಅಂದರೆ ಮೊದಲನೇ ದಿನದ ಅರ್ಧ ಕಾರಿನಲ್ಲೇ ಮುಗಿಯಿತು. ದಾರಿಯಲ್ಲಿ ಚೀಯಪ್ಪಾರ, ವಾಲರ ಅಂತ ಎರಡು ಜಲಪಾತ. ಫೋಟೋದಲ್ಲಿ ಹಾಲು ಸುರಿದ ಹಾಗಿತ್ತು, ಎದುರಿಗೆ ನೋಡಿದರೆ ಕಪ್ಪು ಬಂಡೆ ಮೇಲೆ ಎರಡು ಬೆರಳಿನಷ್ಟು ನೀರು. ಫೆಬ್ರವರಿಯಲ್ಲಿ ನಮ್ಮ ಜೋಗವೂ ಹಾಗೇ ಅಲ್ವಾ? ಜೋಗದ ವಿಷಯದಲ್ಲಿ ನಮಗಿರೋ ಬುದ್ಧಿ ಬೇರೆ ರಾಜ್ಯಕ್ಕೆ ಹೋದಾಗ ಯಾಕೋ ಕೆಲಸ ಮಾಡುವುದಿಲ್ಲ.

ಹೋಟೆಲ್ ಮುನ್ನಾರ್‌ನಲ್ಲಿ ಅಂದಿದ್ದರು. ಇದ್ದದ್ದು ಆನಚ್ಚಾಲ್ ಹತ್ತಿರ. ಮುನ್ನಾರ್ ಪೇಟೆಗೆ ಅಲ್ಲಿಂದ ಇನ್ನೂ ಹದಿನೈದು ಕಿಲೋಮೀಟರ್, ಅದೂ ತಿರುವಿನ ರಸ್ತೆ. ಎತ್ತರ ಕಡಿಮೆ, ಚಳಿಯೂ ಕಡಿಮೆ. ಸೂಟ್‌ಕೇಸ್ ಅರ್ಧ ತುಂಬಿದ್ದ ಸ್ವೆಟರುಗಳು ಹೊರಗೆ ಬರಲೇ ಇಲ್ಲ. ಆನಚ್ಚಾಲ್, ಚಿತ್ತಿರಪುರಂ, ಪಳ್ಳಿವಾಸಲ್, ಕೊನೆಗೆ ಅಡಿಮಾಲಿಯ ಲಾಡ್ಜ್‌ಗಳೂ ಹೆಸರಿನ ಮುಂದೆ ಮುನ್ನಾರ್ ಅಂತ ಬರೆದುಕೊಳ್ಳುತ್ತವೆ. ಅಡಿಮಾಲಿ ಅಂದರೆ ಸುಮಾರು 30 ಕಿಲೋಮೀಟರ್ ಕೆಳಗೆ. ಊರಿನ ಹೆಸರು ನಂಬಬೇಡಿ, ದುಡ್ಡು ಕಳಿಸುವ ಮುಂಚೆ ಹೋಟೆಲಿನ ಲೊಕೇಶನ್ ಕೇಳಿ, ಮ್ಯಾಪ್‌ನಲ್ಲಿ ನೀವೇ ಅಳೆದು ನೋಡಿ.

ಎರಡನೇ ದಿನ ಬೆಳಗ್ಗೆ ಎರವಿಕುಳಂ. ಮಗನಿಗೆ ಇಡೀ ಪ್ರವಾಸ ಅಂದರೆ ಅದೇ. ನೀಲಗಿರಿ ಥಾರ್, ಅಂದರೆ ಅಲ್ಲಿಯವರು ವರೆಯಾಡು ಅನ್ನುವ ಕಾಡುಮೇಕೆ, ಅಲ್ಲಿನ ಬಂಡೆಗಳ ಮೇಲೆ ಜನರಿಗೆ ಹೆದರದೆ ಓಡಾಡುತ್ತದೆ ಅಂತ ಓದಿಕೊಂಡಿದ್ದ. ಆನೆಮುಡಿ ಶಿಖರ, 2,695 ಮೀಟರ್, ಅದೇ ಉದ್ಯಾನದಲ್ಲಿರುವುದು. ಹೋಗಿ ನೋಡಿದರೆ ಗೇಟಿಗೆ ಬೀಗ. ಮರಿ ಹಾಕುವ ಕಾಲ ಅಂತ ಪ್ರತಿವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಒಳ್ಳೆಯ ಕೆಲಸವೇ. ಆದರೆ ವರ್ಷವಿಡೀ ಕೇರಳ ಪ್ಯಾಕೇಜ್ ಮಾರುವವನಿಗೆ ಇದು ಗೊತ್ತಿಲ್ಲದೆ ಇರುತ್ತದಾ?

ಫೋನ್ ಮಾಡಿದೆ.

“ಮೇಡಂ, ಕೊನೇ ಪುಟ ನೋಡಿ. ಸಬ್ಜೆಕ್ಟ್ ಟು ಅವೈಲಬಿಲಿಟಿ ಅಂತ ಹಾಕಿದ್ದೀವಿ.”

ನೋಡಿದೆ. ಇತ್ತು, ಸಾಸಿವೆ ಗಾತ್ರದ ಅಕ್ಷರದಲ್ಲಿ. ಅದೇ ಪಿಡಿಎಫ್‌ನ ಮೊದಲ ಪುಟದಲ್ಲಿ ನೇರಳೆ ಬಣ್ಣದ ಗುಡ್ಡದ ಫೋಟೋ ಬೇರೆ. ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು. ಮುನ್ನಾರ್‌ನಲ್ಲಿ 2018ರಲ್ಲಿ ಅರಳಿತ್ತು, ಇನ್ನು 2030ಕ್ಕೆ. ಅತ್ತೆ ಮೂಡಿಗೆರೆ ಕಡೆಯವರು, 2022ರಲ್ಲಿ ಚಿಕ್ಕಮಗಳೂರಿನ ಗಿರಿಗಳ ಮೇಲೆ ಕುರಿಂಜಿ ನೋಡಿದ್ದವರು. “ಆ ಫೋಟೋ ನೋಡಿದ ದಿನವೇ ಹೇಳಬೇಕೂಂತಿದ್ದೆ ಕಣೇ, ನೀವೆಲ್ಲ ಖುಷಿಯಾಗಿದ್ರಿ ಅಂತ ಸುಮ್ನಾದೆ” ಅಂದರು.

ಎರವಿಕುಳಂ ತಪ್ಪಿದ ಹೊತ್ತನ್ನು ಡ್ರೈವರ್ ತುಂಬಿಸಿದ. ಚಾಕೊಲೇಟ್ ಅಂಗಡಿ, ಟೀ ಪುಡಿ ಅಂಗಡಿ, ಇನ್ನೊಂದು ಚಾಕೊಲೇಟ್ ಅಂಗಡಿ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಏಜೆನ್ಸಿಯವರು ಕೊಡೋದು ಕಡಿಮೆ, ಅಂಗಡಿ ಕಮಿಷನ್ ಮೇಲೇ ಅವನ ಊಟ. ಮಾಟುಪೆಟ್ಟಿ ಡ್ಯಾಂ ಹತ್ತಿರ ಇಪ್ಪತ್ತು ನಿಮಿಷ ನಿಲ್ಲಿಸಿದ. ಆ ಇಪ್ಪತ್ತು ನಿಮಿಷ ನಿಜಕ್ಕೂ ಚೆನ್ನಾಗಿತ್ತು.

ತೇಕ್ಕಡಿಯಲ್ಲಿ ನಡೆದದ್ದನ್ನು ಬೇಗ ಹೇಳಿಬಿಡುತ್ತೇನೆ. ಪೆರಿಯಾರ್ ಕೆರೆಯ ಬೋಟಿಂಗ್ ಅಂತ ಪಟ್ಟಿಯಲ್ಲಿತ್ತು, ಟಿಕೆಟ್ ಮಾತ್ರ ಯಾರೂ ಬುಕ್ ಮಾಡಿರಲಿಲ್ಲ. ನಾವು ಹೋಗುವಷ್ಟರಲ್ಲಿ ಆ ದಿನದ್ದೆಲ್ಲ ಖಾಲಿ. ಬದಲಿಗೆ ಕುಮಳಿಯ ಒಂದು ಸ್ಪೈಸ್ ಗಾರ್ಡನ್. ಮೂಡಿಗೆರೆಯವರಿಗೆ ದುಡ್ಡು ತಗೊಂಡು ಮೆಣಸಿನ ಬಳ್ಳಿ ತೋರಿಸುವುದು! ಅತ್ತೆ ಕೈಕಟ್ಟಿಕೊಂಡು ಪೂರ್ತಿ ಕೇಳಿದರು. ಕೊನೆಗೆ ಅಂಗಡಿಯಲ್ಲಿ, “ಎಂಟು ಎಂಎಂ, ಎಕ್ಸ್‌ಪೋರ್ಟ್ ಕ್ವಾಲಿಟಿ” ಅಂತ ಏಲಕ್ಕಿ ಮುಂದಿಟ್ಟಾಗ ಒಂದು ಕಾಯಿ ಎತ್ತಿಕೊಂಡರು. ಬಾಟಲಿಯ ನೀರಲ್ಲಿ ಬೆರಳು ಅದ್ದಿ ಸಿಪ್ಪೆಯನ್ನು ಎರಡು ಸಲ ಉಜ್ಜಿದರು. ಬೆರಳ ತುದಿ ಹಸಿರಾಯಿತು. ಏನೂ ಮಾತಾಡಲಿಲ್ಲ. ಆ ಬೆರಳನ್ನು ಅಂಗಡಿಯವನ ಮುಂದೆ ಹಿಡಿದು, ಹಾಗೇ ಸೆರಗಿಗೆ ಒರೆಸಿಕೊಂಡು ಹೊರಗೆ ಬಂದರು. ಮುನ್ನಾರ್, ತೇಕ್ಕಡಿ ಇರುವ ಇಡುಕ್ಕಿ ಜಿಲ್ಲೆಯಲ್ಲಿ ಒಳ್ಳೆ ಏಲಕ್ಕಿ ಬೆಳೆಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಟೂರಿಸ್ಟ್ ಕಾರು ನಿಲ್ಲುವ ಅಂಗಡಿಯಲ್ಲಿ ಅದು ಸಿಗುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಇನ್ನು ಹೌಸ್‌ಬೋಟ್. ಪ್ಯಾಕೇಜ್‌ನ ಅರ್ಧ ದುಡ್ಡು ಇದಕ್ಕೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ತೇಕ್ಕಡಿಯಿಂದ ಅಲೆಪ್ಪಿಗೆ ನಾಲ್ಕು ಗಂಟೆಗೂ ಜಾಸ್ತಿ ದಾರಿ. ಬೋಟ್ ಹತ್ತುವ ಹೊತ್ತು ಮಧ್ಯಾಹ್ನ ಹನ್ನೆರಡು. ನಾವು ಮುಟ್ಟಿದ್ದು ಒಂದೂಕಾಲಿಗೆ. ಫೋಟೋದಲ್ಲಿದ್ದ ಬೋಟಿಗೆ ಮೇಲೆ ಕೂರಲು ಅಟ್ಟ, ಅದರ ಸುತ್ತ ಬೆತ್ತದ ಕುರ್ಚಿ. ನಮ್ಮ ಮುಂದೆ ನಿಂತಿದ್ದಕ್ಕೆ ಅಟ್ಟವೂ ಇಲ್ಲ, ಬೆತ್ತವೂ ಇಲ್ಲ. “ಅದು ಸರ್ವಿಸ್‌ಗೆ ಹೋಗಿದೆ, ಇದೂ ಸೇಮ್ ಕ್ಯಾಟಗರಿ” ಅಂದರು. ಹಾಸಿಗೆ ಮುಟ್ಟಿದರೆ ತಣ್ಣಗೆ ಹಸಿ ಹಸಿ. ಅಲ್ಲೇ ತಿರುಗಿ ಬರಬೇಕಿತ್ತು. ಆದರೆ ಪೂರ್ತಿ ದುಡ್ಡು ಕಟ್ಟಿ ಆಗಿತ್ತು, ಮಗ ಆಗಲೇ ಹತ್ತಿ ಕೂತಿದ್ದ. ಅಲ್ಲಿ ಎಲ್ಲರೂ ಸಿಕ್ಕಿಬೀಳುವುದು ಹೀಗೇ.

ಈ ದೋಣಿಗೆ ಅಲ್ಲಿಯ ಹೆಸರು ಕೆಟ್ಟುವಳ್ಳಂ. ಮಲಯಾಳದ ಕೆಟ್ಟು ಅಂದರೆ ನಮ್ಮ ಕಟ್ಟು. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದು ಕಟ್ಟಿದ್ದು, ಹಿಂದೆ ಅಲೆಪ್ಪಿ ಸುತ್ತಲಿನ ಕುಟ್ಟನಾಡಿನ ಭತ್ತ ಸಾಗಿಸುತ್ತಿದ್ದ ದೋಣಿ. ನಮ್ಮವರು ಇದನ್ನೆಲ್ಲ ಓದಿ ಹೇಳುತ್ತಿದ್ದರೆ, ಹಾಸಿಗೆ ಮುಟ್ಟಿ ಬಂದ ಅತ್ತೆ, “ನಮ್ಮ ಭಾಷೆಯಲ್ಲೇ ಸರಿಯಾಗಿದೆ ಬಿಡು” ಅಂದರು.

ಮಗನ ಕೈಯಲ್ಲಿ ಹುಟ್ಟುಹಬ್ಬಕ್ಕೆ ಕೊಡಿಸಿದ ಸ್ಟಾಪ್‌ವಾಚ್ ಇರುವ ವಾಚು. ಬೋಟು ಹೊರಟಾಗ ಒತ್ತುತ್ತಾನೆ, ನಿಂತಾಗ ನಿಲ್ಲಿಸುತ್ತಾನೆ. ಎರಡು ಗಂಟೆಗೆ ಹೊರಟಿತು. ಊಟಕ್ಕೆ ಅಂತ ಒಂದು ದಡಕ್ಕೆ ಕಟ್ಟಿದರು, ಮುಕ್ಕಾಲು ಗಂಟೆ. ಆಮೇಲೆ ಮೀನಿನ ಅಂಗಡಿ. ಕರಿಮೀನ್ ನೋಡಿ, ಟೈಗರ್ ಸಿಗಡಿ ನೋಡಿ, ಅಡುಗೆಯವನು ಫ್ರೀಯಾಗಿ ಮಾಡಿಕೊಡುತ್ತಾನೆ. ಆರು ಸಿಗಡಿಗೆ 1,800 ರೂಪಾಯಿ. ದರ ಕೇಳದೆ ತೂಕಕ್ಕೆ ಹಾಕಿಸಿದ್ದು ನಮ್ಮದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಐದೂಕಾಲಿಗೆ ಬೋಟನ್ನು ಮತ್ತೆ ದಡಕ್ಕೆ ಕಟ್ಟಿದರು, ಇವತ್ತಿಗೆ ಮುಗಿಯಿತು ಅಂದರು.

ಇದೊಂದನ್ನು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ಸಂಜೆ ಮೀನುಗಾರರು ಬಲೆ ಬಿಡುವ ಹೊತ್ತು, ಐದೂವರೆ ಆರರ ಮೇಲೆ ಹೌಸ್‌ಬೋಟ್‌ಗಳು ಓಡಾಡುವಂತಿಲ್ಲ. ನಿಯಮ ನ್ಯಾಯವಾಗಿಯೇ ಇದೆ, ನೀರು ಅವರದ್ದು. ಆದರೆ “ಹೌಸ್‌ಬೋಟ್‌ನಲ್ಲಿ ಒಂದು ದಿನ ಒಂದು ರಾತ್ರಿ” ಅಂದಾಗ ನಾವು ಅಂದುಕೊಳ್ಳುವುದು ಬೆಳದಿಂಗಳಲ್ಲಿ ತೇಲಿಕೊಂಡು ಹೋಗುವುದನ್ನು. ನಡೆಯುವುದು ಬೇರೆ. ನಮ್ಮ ಆಚೀಚೆ ಹತ್ತು ಹನ್ನೆರಡು ಬೋಟು, ಸಂತೆಯಲ್ಲಿ ಗಾಡಿ ನಿಲ್ಲಿಸಿದ ಹಾಗೆ ಒತ್ತೊತ್ತಾಗಿ. ಎಲ್ಲದರ ಜನರೇಟರೂ ಗುರ್ ಅನ್ನುತ್ತದೆ, ಡೀಸೆಲ್ ಹೊಗೆ ನೇರ ಊಟದ ಮೇಜಿಗೆ. ಪಕ್ಕದ ಬೋಟಿನವರು ಹನ್ನೊಂದರವರೆಗೆ ಹಾಡು ಹಾಕಿ ಕುಣಿದರು. ಎಸಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮಾತ್ರ. ಫೆಬ್ರವರಿ ಮಧ್ಯಾಹ್ನದ ಅಲೆಪ್ಪಿ ಸೆಖೆಯಲ್ಲಿ ಅತ್ತೆ ಪಿಡಿಎಫ್‌ನ ಪ್ರಿಂಟೌಟ್‌ನಿಂದಲೇ ಗಾಳಿ ಹಾಕಿಕೊಂಡರು. ಅದು ಉಪಯೋಗಕ್ಕೆ ಬಂದಿದ್ದು ಅಲ್ಲೊಂದೇ ಕಡೆ.

ನೀರಿನ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಕೆರೆಗಳನ್ನು ಮುಚ್ಚುವ ನೇರಳೆ ಹೂವಿನ ಕಳೆ ಇದೆಯಲ್ಲ, ಅದೇ ಅಲ್ಲಿಯೂ ಕಾಲುವೆ ತುಂಬ. ಎರಡು ಸಲ ಫ್ಯಾನಿಗೆ ಸಿಕ್ಕಿಕೊಂಡು ಬೋಟು ನಿಂತಿತು. ಕುಟ್ಟನಾಡಿನಲ್ಲಿ ಸಮುದ್ರ ಮಟ್ಟಕ್ಕಿಂತ ಕೆಳಗಿನ ಗದ್ದೆಗಳಿವೆ. ಬೇಸಿಗೆಯಲ್ಲಿ ಉಪ್ಪುನೀರು ನುಗ್ಗಿ ಭತ್ತ ಹಾಳಾಗದಿರಲಿ ಅಂತ ವೆಂಬನಾಡ್ ಕಾಯಲಿಗೆ, ಅಂದರೆ ಹಿನ್ನೀರಿಗೆ, ಅಡ್ಡವಾಗಿ ತಣ್ಣೀರ್‌ಮುಕ್ಕಂ ಕಟ್ಟೆಯ ಬಾಗಿಲು ಹಾಕುತ್ತಾರೆ. ಉಪ್ಪು ತಾಗಿದರೆ ಸಾಯುವ ಕಳೆ, ನಿಂತ ಸಿಹಿನೀರಲ್ಲಿ ಕೊಬ್ಬಿ ಬೆಳೆಯುತ್ತದೆ. ನಾವು ಹೋಗಿದ್ದು ಬಾಗಿಲು ಹಾಕಿದ್ದ ಕಾಲಕ್ಕೇ. ಫೋಟೋದ ಕನ್ನಡಿಯಂಥ ನೀರು ನೋಡಿ ಹೋಗುವವರು ಇದನ್ನು ತಿಳಿದಿರಲಿ.

ಲೈಫ್ ಜಾಕೆಟ್ ಕೇಳಿದೆ. ಹುಡುಗ ಅಡುಗೆಮನೆ ಹಿಂದಿನ ಬೀರು ತೆಗೆದ. ಮುಂದೆ ಈರುಳ್ಳಿ ಚೀಲ, ಅದರ ಹಿಂದೆ ಎರಡು ಜಾಕೆಟ್. ಒಂದಕ್ಕೆ ಕೊಂಡಿಯೇ ಇಲ್ಲ. ಮಕ್ಕಳ ಅಳತೆಯದ್ದು ಇರಲೇ ಇಲ್ಲ. ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಬೋಟು ಮಗುಚಿ 45 ಜನ ಸತ್ತರು. 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ 22 ಜನ. ಹಿಂದಿನ ದಿನ ತೇಕ್ಕಡಿಯಲ್ಲಿ ಇದನ್ನು ಮಾತಾಡಿಕೊಂಡು ಬಂದಿದ್ದೆವು. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಬೆಳಗ್ಗೆ ಎಂಟಕ್ಕೆ ಮತ್ತೆ ಹೊರಟು ಅರ್ಧ ಗಂಟೆಯಲ್ಲಿ ಹತ್ತಿದ ಜಾಗಕ್ಕೇ ತಂದು ಬಿಟ್ಟರು. ಮಗ ವಾಚು ತೋರಿಸಿದ. ಎರಡು ದಿನ ಸೇರಿ ಬೋಟು ಚಲಿಸಿದ್ದು ಎರಡು ಗಂಟೆ ಹತ್ತು ನಿಮಿಷ.

ಹೌಸ್‌ಬೋಟ್ ಬೇಕೇ ಬೇಕು ಅನ್ನುವವರು ಬೋಟಿನ ಹೆಸರು, ನೋಂದಣಿ ಸಂಖ್ಯೆ ಮೊದಲೇ ಬರೆಸಿಕೊಳ್ಳಿ. ಹತ್ತುವ ದಿನ ಬೆಳಗ್ಗೆ ಅದೇ ಬೋಟನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಲು ಹೇಳಿ. ಎಷ್ಟು ಗಂಟೆಗೆ ಹೊರಟು ಎಷ್ಟಕ್ಕೆ ಕಟ್ಟುತ್ತೀರಿ, ಮಧ್ಯೆ ಎಲ್ಲೆಲ್ಲಿ ನಿಲ್ಲಿಸುತ್ತೀರಿ ಅಂತ ಕೇಳಿ. ಜಾಕೆಟ್ ಕೈಗೆ ಬಂದ ಮೇಲೇ ಕಾಲಿಡಿ. ಅರ್ಧ ದುಡ್ಡಾದರೂ ಇಳಿಯುವಾಗ ಕೊಡುವ ಹಾಗೆ ಮಾತಾಡಿ. ನನ್ನನ್ನು ಕೇಳಿದರೆ ರಾತ್ರಿ ದಡದ ಮೇಲೆ ಒಂದು ಹೋಮ್‌ಸ್ಟೇಯಲ್ಲಿ ಮಲಗಿ, ಹಗಲು ಮೂರು ಗಂಟೆ ಸಣ್ಣ ದೋಣಿ ತಗೊಳ್ಳಿ. ದೊಡ್ಡ ಬೋಟುಗಳು ನುಗ್ಗಲಾಗದ ಸಣ್ಣ ಕಾಲುವೆಗಳಲ್ಲೇ ಊರು ಇರುವುದು.

ನಮಗೆ ಕಾಯಲ್ ಸಿಕ್ಕಿದ್ದು ಪ್ಯಾಕೇಜ್ ಮುಗಿದ ಮೇಲೆ. ವಾಪಸ್ ರೈಲು ಕೋಟ್ಟಯಂನಿಂದ. ಕಾರು ಬಿಡಲು ಒಂದೂವರೆ ಸಾವಿರ ಜಾಸ್ತಿ ಕೇಳಿದರು. ಬೇಡ ಅಂತ ಅಲೆಪ್ಪಿ ಬಸ್ ನಿಲ್ದಾಣದ ಪಕ್ಕದ ಜೆಟ್ಟಿಗೆ ಹೋದೆವು. ಜಲಸಾರಿಗೆ ಇಲಾಖೆಯ ಬೋಟು, ನಾಲ್ಕು ಜನದ ಟಿಕೆಟ್ ಸೇರಿಸಿದರೂ ಹೌಸ್‌ಬೋಟಿನ ಒಂದು ಸಿಗಡಿಯ ದುಡ್ಡಾಗಲಿಲ್ಲ. ಮರದ ಬೆಂಚು. ಸಂತೆ ಚೀಲದ ಹೆಂಗಸರು, ಯೂನಿಫಾರ್ಮ್ ಹಾಕಿದ ಹುಡುಗಿಯರು. ಒಬ್ಬೊಬ್ಬರ ಮನೆ ಮುಂದೆಯೇ ನಿಲ್ಲುತ್ತದೇನೋ ಅನ್ನುವ ಹಾಗೆ ಜೆಟ್ಟಿಗಳು. ಗದ್ದೆ ಕೆಳಗೆ, ನೀರು ಮೇಲೆ, ಮಧ್ಯೆ ಒಂದು ಬದು. ಅತ್ತೆ ಅದನ್ನು ನೋಡಿ “ನೀರು ಗದ್ದೆಗೆ ಬರದ ಹಾಗೆ ಕಾಯೋರು ಯಾರೇ?” ಅಂತ ಕೇಳುತ್ತಲೇ ಇದ್ದರು. ಕೋಟ್ಟಯಂ ಹತ್ತಿರ ಕಾಲುವೆ ಸಣ್ಣದಾಗುತ್ತದೆ. ಅಡ್ಡ ಇರುವ ಕಾಲುಸೇತುವೆಯನ್ನು ದಡದ ಮೇಲಿದ್ದವರು ಹಗ್ಗ ಎಳೆದು ಮೇಲೆತ್ತಿದರು, ನಾವು ದಾಟಿದೆವು, ಅದು ಮತ್ತೆ ಕೆಳಗಿಳಿಯಿತು. ಮಗ ಈ ಸಲ ವಾಚು ಒತ್ತುವುದನ್ನೇ ಮರೆತಿದ್ದ.

ಎರವಿಕುಳಂ ಟಿಕೆಟ್ಟಿನ ಹಣ ವಾಪಸ್ ಕೊಡುತ್ತೇವೆ ಅಂದಿದ್ದ ಏಜೆನ್ಸಿಯವರು ಇನ್ನೂ ಕೊಟ್ಟಿಲ್ಲ. ಹೋದ ವಾರ ಮೆಸೇಜ್ ಬಂತು ಅಂತ ತೆಗೆದು ನೋಡಿದೆ. ವಯನಾಡ್ ಪಿಡಿಎಫ್.