ಸೀಲಿಂಗ್ ಒಳಗಿನ ಟೇಪು ಜಾಯಿಂಟು: ಎಂಸಿಬಿಗೆ ಕಾಣದ ಬೆಂಕಿ

ಹಾಲ್‌ನ ಪಿಒಪಿ ಸೀಲಿಂಗ್‌ನಲ್ಲಿ ಐದು ಎಲ್‌ಇಡಿ ಪ್ಯಾನೆಲ್ ಲೈಟು, ತಲಾ 15 ವಾಟ್. ಒಂದರಿಂದ ಇನ್ನೊಂದಕ್ಕೆ ಲೂಪ್ ಮಾಡಿಕೊಂಡು ಹೋದ ವೈರಿಂಗ್. ಕೆಲವು ವರ್ಷ ಚೆನ್ನಾಗಿಯೇ ಉರಿದವು. ಆಮೇಲೆ ಕೊನೆಯ ಎರಡು ಲೈಟು ಆಗಾಗ ಮಿಣುಕತೊಡಗಿದವು, ಕೋಣೆಯಲ್ಲಿ ಪ್ಲಾಸ್ಟಿಕ್ ಸುಟ್ಟ ಕಮಟು ವಾಸನೆ. ಲೈಟು ಕೆಟ್ಟಿರಬೇಕೆಂದು ಆ ಎರಡನ್ನೂ ಬದಲಾಯಿಸಿದರು. ಮಿಣುಕುವುದು ನಿಲ್ಲಲಿಲ್ಲ. ಕೊನೆಗೆ, ಸರಿಯಾಗಿಯೇ ಉರಿಯುತ್ತಿದ್ದ ಮೂರನೇ ಲೈಟನ್ನು ಇಳಿಸಿ ನೋಡಿದಾಗ ಗುಟ್ಟು ಹೊರಬಿತ್ತು. ಅಲ್ಲಿಂದ ಮುಂದಕ್ಕೆ ಹೋಗುವ ನ್ಯೂಟ್ರಲ್ (ಕರೆಂಟು ವಾಪಸ್ ಬರುವ ವೈರು) ಜಾಯಿಂಟಿನ ಟೇಪು ಅಂಟು ಕರಗಿ ಜಾರಿತ್ತು, ತಾಮ್ರ ಕಪ್ಪಿಟ್ಟಿತ್ತು, ವೈರಿನ ಮೇಲ್ಪದರ ಎರಡು ಇಂಚಿನಷ್ಟು ಗರಿಗರಿಯಾಗಿ ಉದುರುತ್ತಿತ್ತು, ಪಕ್ಕದ ಪ್ಲೈವುಡ್ ಪಟ್ಟಿ ಕಂದಿತ್ತು. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್) ಒಮ್ಮೆಯೂ ಟ್ರಿಪ್ ಆಗಿರಲಿಲ್ಲ. ಕರೆಂಟು ಸೋರಿದರೆ ಲೈನು ಕಡಿಯುವ ಆರ್‌ಸಿಸಿಬಿಯೂ ಇತ್ತು, ಅದೂ ಸುಮ್ಮನೆ ಕೂತಿತ್ತು.

ಲೈಟು ಮಿಣುಕಿದರೆ ದೋಷ ಆ ಲೈಟಿನಲ್ಲೇ ಇರಬೇಕೆಂದಿಲ್ಲ. ಲೂಪ್ ವೈರಿಂಗ್‌ನಲ್ಲಿ ಅದಕ್ಕಿಂತ ಹಿಂದಿನ ಪಾಯಿಂಟನ್ನು ಮೊದಲು ಬಿಚ್ಚಿ ನೋಡಿ.

ಇಷ್ಟು ದಿನ ಸುಮ್ಮನಿದ್ದ ಜಾಯಿಂಟು ಈಗೇಕೆ ಸುಟ್ಟಿತು? ಪಕ್ಕದ ಕೋಣೆಗೆ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಪಾಯಿಂಟ್ ಬೇಕೆಂದಾಗ ಯಾರೋ ಗೋಡೆ ಕೊರೆಯುವ ಕಷ್ಟ ಬೇಡವೆಂದು ಐದನೇ ಲೈಟಿನಿಂದಲೇ ಲೈನ್ ಎಳೆದಿದ್ದರು. ಲೆಕ್ಕ ನೋಡಿ. ಸಡಿಲ ಜಾಯಿಂಟಿನ ರೆಸಿಸ್ಟೆನ್ಸ್ ಅರ್ಧ ಓಮ್ ಎಂದಿಟ್ಟುಕೊಳ್ಳಿ. ಮುಂದಿನ ಎರಡು ಲೈಟುಗಳ ಕರೆಂಟು ಅರ್ಧ ಆಂಪಿಯರ್‌ಗಿಂತಲೂ ಕಡಿಮೆ; ಅರ್ಧವೆಂದೇ ಹಿಡಿದರೂ ಅಲ್ಲಿ ಹುಟ್ಟುವ ಶಾಖ 0.125 ವಾಟ್, ಕೈಗೂ ತಿಳಿಯದು. 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದೇ ಜಾಯಿಂಟಿನಲ್ಲಿ 9 ವಾಟ್ ದಾಟುತ್ತದೆ. ಅದೂ ಬಟಾಣಿ ಕಾಳಿನಷ್ಟು ಜಾಗದಲ್ಲಿ, ಗಾಳಿಯಾಡದ ಸೀಲಿಂಗ್ ಒಳಗೆ. ಬಿಸಿಯಾದಷ್ಟೂ ತಾಮ್ರಕ್ಕೆ ಕಿಲುಬು, ಕಿಲುಬು ಹಿಡಿದಷ್ಟೂ ರೆಸಿಸ್ಟೆನ್ಸ್ ಹೆಚ್ಚು, ಮತ್ತಷ್ಟು ಬಿಸಿ.

ಎಂಸಿಬಿ ಬೀಳಲಿಲ್ಲ ಏಕೆಂದರೆ 4.3 ಆಂಪಿಯರ್ ಎಂಬುದು 6 ಆಂಪಿಯರ್ ಎಂಸಿಬಿಗೆ ಮಾಮೂಲಿ ಲೋಡು. ಸಡಿಲ ಜಾಯಿಂಟು ಕರೆಂಟನ್ನು ಹೆಚ್ಚಿಸುವುದಿಲ್ಲ, ಸ್ವಲ್ಪ ಕಡಿಮೆಯೇ ಮಾಡುತ್ತದೆ. ಆರ್‌ಸಿಸಿಬಿ ನೋಡುವುದು ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಮಾತ್ರ. ಇಲ್ಲಿ ಪೂರ್ತಿ ವಾಪಸ್ ಬರುತ್ತಿತ್ತು. "ಎಲ್ಲ ಸೇಫ್ಟಿ ಹಾಕಿಸಿದ್ದೇವೆ" ಎಂಬ ಧೈರ್ಯ ಈ ಒಂದು ದೋಷದ ಮುಂದೆ ನಡೆಯದು.

ಟೇಪು ಕರೆಂಟ್ ತಾಗದಂತೆ ಮುಚ್ಚುತ್ತದೆ, ವೈರುಗಳನ್ನು ಬಿಗಿಹಿಡಿಯುವುದಿಲ್ಲ. ಅದರಲ್ಲೂ ಲೈಟಿನ ಡ್ರೈವರ್‌ನಿಂದ (ಎಲ್‌ಇಡಿಗೆ ತಕ್ಕ ಕರೆಂಟು ಕೊಡುವ ಪುಟ್ಟ ಡಬ್ಬಿ) ಬರುವ ಕೂದಲೆಳೆಯಂಥ ವೈರನ್ನು 1.5 ಚದರ ಮಿ.ಮೀ. ವೈರಿಗೆ ಸುತ್ತಿದರೆ ದಪ್ಪ ವೈರು ಕಡ್ಡಿಯಂತೆ ನೆಟ್ಟಗೆ ನಿಲ್ಲುತ್ತದೆ, ಸಣ್ಣದು ಅದರ ಮೇಲೆ ಸುಮ್ಮನೆ ಸುರುಳಿ ಸುತ್ತಿಕೊಂಡಿರುತ್ತದೆ. ಎಳೆದರೆ ಜಾರಿ ಬರುತ್ತದೆ.

ವೈರುಗಳ ತುದಿಗಳನ್ನು ಒಳಗೆ ಬಿಗಿಹಿಡಿದು ಸೇರಿಸುವ ಕನೆಕ್ಟರ್ ಬಳಸಿ. ಲಿವರ್ ಇರುವ ಕನೆಕ್ಟರ್ ಎಲ್ಲಕ್ಕಿಂತ ಒಳ್ಳೆಯದು. ಸಣ್ಣ ವೈರಿಗೂ ದಪ್ಪ ವೈರಿಗೂ ಬೇರೆ ಬೇರೆ ಲಿವರ್ ಇರುವುದರಿಂದ ಎರಡನ್ನೂ ಸಮನಾಗಿ ಹಿಡಿಯುತ್ತದೆ. ಲೂಪ್ ಪಾಯಿಂಟಿಗೆ ಮೂರು ತೂತಿನದು ಬೇಕು: ಬರುವ ವೈರು, ಮುಂದಕ್ಕೆ ಹೋಗುವ ವೈರು, ಲೈಟಿನ ವೈರು. ಫೇಸ್‌ಗೆ ಒಂದು, ನ್ಯೂಟ್ರಲ್‌ಗೆ ಒಂದು. ಎಷ್ಟು ಉದ್ದ ಸಿಪ್ಪೆ ತೆಗೆಯಬೇಕೆಂಬುದು ಅದರ ಮೈಮೇಲೆಯೇ ಇರುತ್ತದೆ, ಹೆಚ್ಚಾಗಿ 11 ಮಿ.ಮೀ. ಲಿವರ್ ಇಲ್ಲದೆ ಬರೀ ಒತ್ತಿ ತೂರಿಸುವ ಬಗೆ ಒಂಟಿ ಎಳೆಯ ಗಟ್ಟಿ ವೈರಿಗೆ ಮಾಡಿದ್ದು; ನಮ್ಮ ಮನೆಗಳ ಹಲವು ಎಳೆಯ (ಮಲ್ಟಿಸ್ಟ್ರಾಂಡ್) ವೈರಿಗೆ ಅದನ್ನು ನಂಬಬೇಡಿ. ಅಂಗಡಿಯಲ್ಲಿ ಅಗ್ಗದ ನಕಲಿ ಮಾಲೂ ಸಿಗುತ್ತದೆ, ಒಳಗಿನ ಸ್ಪ್ರಿಂಗ್ ಬಿಗಿಯಿರುವುದಿಲ್ಲ. ಸ್ಕ್ರೂ ಇರುವ ಪ್ಲಾಸ್ಟಿಕ್ ಕನೆಕ್ಟರ್ ಪಟ್ಟಿಯೂ ಆದೀತು, ಆದರೆ ಸಣ್ಣ ಎಳೆಗಳನ್ನು ಸ್ಕ್ರೂ ಕತ್ತರಿಸುತ್ತದೆ. ತುದಿಗೆ ಪಿನ್ ಲಗ್ಸ್ (ಲೋಹದ ಪುಟ್ಟ ಕೊಳವೆ) ಹಾಕಿ ಇಕ್ಕಳದಿಂದ ಅದುಮಿ (ಕ್ರಿಂಪ್ ಮಾಡಿ) ಆಮೇಲೆ ಬಿಗಿಯಿರಿ. ಸ್ಕ್ರೂ ಅಡಿಗೆ ಹೋಗುವ ತುದಿಗೆ ಸೀಸ ಹಚ್ಚಿ ಬೆಸುಗೆ ಹಾಕಬೇಡಿ. ಬೆಸುಗೆಯ ಲೋಹ ಒತ್ತಡಕ್ಕೆ ನಿಧಾನವಾಗಿ ಹರಡಿ, ಸ್ಕ್ರೂ ತಾನಾಗಿ ಸಡಿಲವಾಗುತ್ತದೆ.

ವೈರು ಸೇರಿಸಿದ ಮೇಲೆ ಒಂದೊಂದನ್ನೂ ಹಿಡಿದು ಎಳೆಯಿರಿ. ಒಂದು ಜಾರಿದರೂ ಮತ್ತೆ ಮಾಡಿ. ಹೊರಗೆ ತಾಮ್ರ ಇಣುಕಬಾರದು. ಕನೆಕ್ಟರುಗಳನ್ನು ಪುಟ್ಟ ಜಂಕ್ಷನ್ ಬಾಕ್ಸ್‌ನಲ್ಲಿಟ್ಟು ಮುಚ್ಚಿ, ಲೈಟಿನ ರಂಧ್ರದಿಂದ ಕೈಗೆ ಸಿಗುವಂತಿಡಿ. ಪೈಪಿನೊಳಗೆ ಜಾಯಿಂಟು ತೂರಿಸುವುದಂತೂ ಬೇಡವೇ ಬೇಡ. ಲೋಹದ ಮೈಯಿರುವ ಲೈಟು, ಝೂಮರ್ ಆದರೆ ಹಸಿರು ವೈರನ್ನು ಕತ್ತರಿಸಿ ಮಡಚಿಡುವ ಚಾಳಿ ಬಿಟ್ಟು ಅರ್ತ್‌ಗೆ ಕೊಡಿ.

ಇನ್ನು ಕೆಲಸಕ್ಕೆ ಮುಂಚಿನ ಮಾತು. ಸ್ವಿಚ್ ಆಫ್ ಮಾಡಿದರೆ ಸಾಲದು. ಎಷ್ಟೋ ಬೋರ್ಡುಗಳಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುತ್ತದೆ, ಲೈಟು ಆರಿದರೂ ಹೋಲ್ಡರ್‌ನಲ್ಲಿ ಫೇಸ್ ಜೀವಂತ. ಎಂಸಿಬಿ ಇಳಿಸಿ. ಯುಪಿಎಸ್ ಇರುವ ಮನೆಯಲ್ಲಿ ಅದೂ ಸಾಲದು. ಮೇನ್ ಇಳಿಸಿದ ಕೂಡಲೇ ಯುಪಿಎಸ್ "ಕರೆಂಟು ಹೋಯಿತು" ಎಂದುಕೊಂಡು ಬ್ಯಾಟರಿಯಿಂದ ಅದೇ ಲೈಟಿಗೆ 230 ವೋಲ್ಟ್ ಕಳಿಸುತ್ತದೆ. ಯುಪಿಎಸ್ ಬಟನ್ ಆಫ್ ಮಾಡಿ, ಅದರಿಂದ ಮನೆಗೆ ಹೋಗುವ ಔಟ್‌ಪುಟ್ ಪ್ಲಗ್ ಇದ್ದರೆ ಕಿತ್ತಿಡಿ. ಟೆಸ್ಟರನ್ನು ಮೊದಲು ಕರೆಂಟಿರುವ ಪ್ಲಗ್‌ನಲ್ಲಿ ಉರಿಸಿ ನೋಡಿ, ಆಮೇಲೆ ಲೈಟಿನ ಎರಡೂ ವೈರಿಗೆ ತಾಗಿಸಿ, ಕೊನೆಗೆ ಮತ್ತೆ ಪ್ಲಗ್‌ನಲ್ಲಿ ನೋಡಿ. ಮರದ ಏಣಿ ಮೇಲೆ ನಿಂತಾಗ ಟೆಸ್ಟರ್ ಮಂಕಾಗಿ ಉರಿದು ಕಣ್ಣಿಗೆ ಕಾಣದೇ ಹೋಗಬಹುದು. ಮಲ್ಟಿಮೀಟರ್ ಇದ್ದರೆ ಅದೇ ಮೇಲು. ಲೈನು ಆನ್ ಇರುವಾಗ ಫೇಸ್, ನ್ಯೂಟ್ರಲ್ ಎರಡರಲ್ಲೂ ಟೆಸ್ಟರ್ ಉರಿದರೆ ಹಿಂದೆಲ್ಲೋ ನ್ಯೂಟ್ರಲ್ ಕಡಿದಿದೆ ಎಂದು ತಿಳಿಯಿರಿ. ಅಂಥ "ನ್ಯೂಟ್ರಲ್" ಮುಟ್ಟಿದರೂ ಶಾಕ್ ಹೊಡೆಯುತ್ತದೆ.

ವೈರು ಕೆರೆದಾಗ ತಾಮ್ರದ ಬದಲು ಬೆಳ್ಳಗಿನ ಮೆತ್ತನೆ ಅಲ್ಯೂಮಿನಿಯಂ ಕಂಡರೆ ಅಲ್ಲಿಗೇ ನಿಲ್ಲಿಸಿ; ಹಳೇ ಮನೆಗಳಲ್ಲಿ ಈಗಲೂ ಇದೆ. ಅದನ್ನು ತಾಮ್ರಕ್ಕೆ ನೇರ ಸುತ್ತಿದರೆ ತೇವಕ್ಕೆ ಸವೆದು ಜಾಯಿಂಟು ಬಲುಬೇಗ ಕೆಡುತ್ತದೆ. ಅದು ಪರವಾನಗಿ ಇರುವ ವೈರ್‌ಮನ್ ಕೆಲಸ.

ಮೊದಲು ಹೇಳಿದ ಮನೆಯಲ್ಲಿ ಸುಟ್ಟ ಭಾಗವನ್ನು ಗಟ್ಟಿ ವೈರು ಸಿಗುವ ತನಕ ಕತ್ತರಿಸಿ, ಐದೂ ಪಾಯಿಂಟಿನ ಟೇಪು ಬಿಚ್ಚಿ ಕನೆಕ್ಟರ್ ಹಾಕಲಾಯಿತು. ಇಸ್ತ್ರಿ ಪ್ಲಗ್ಗನ್ನು ಲೈಟಿನ ಲೈನಿಂದ ಬಿಡಿಸಿ, ಎಂಸಿಬಿಗಳಿರುವ ಪೆಟ್ಟಿಗೆಯಿಂದ (ಡಿಬಿ) 2.5 ಚದರ ಮಿ.ಮೀ. ವೈರಿನ ಬೇರೆ ಲೈನು, ಅದಕ್ಕೆ ಬೇರೆಯೇ ಎಂಸಿಬಿ. ಕಳಚಿಟ್ಟಿದ್ದ ಹಳೇ ಪ್ಯಾನೆಲ್ ಲೈಟು ಎರಡೂ ಪರೀಕ್ಷಿಸಿದಾಗ ಸರಿಯಾಗಿಯೇ ಉರಿದವು.