380 ರೂಪಾಯಿಯ ಮೌಲ್ಯ ಶಿಕ್ಷಣ ವರ್ಕ್‌ಬುಕ್: ತಗೊಂಡ್ಮೇಲೆ ಅನ್ಸಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಈ ಪುಸ್ತಕ ನಾನು ಇಷ್ಟಪಟ್ಟು ತಗೊಂಡಿದ್ದಲ್ಲ. 2025ರ ಜೂನಲ್ಲಿ ಮಗಳ ಸ್ಕೂಲಿಂದ ಬುಕ್ ಲಿಸ್ಟ್ ಬಂತು, ಮುಂಬೈನ ಬೋರಿವಲಿ ಸ್ಟೇಷನ್ ಹತ್ರ ಒಂದೇ ಅಂಗಡೀಲಿ ಸಿಗುತ್ತೆ ಅಂದ್ರು, ಮಳೇಲಿ ಛತ್ರಿ ಹಿಡ್ಕೊಂಡು ಮುಕ್ಕಾಲು ಗಂಟೆ ಲೈನಲ್ಲಿ ನಿಂತೆ, ಇದೊಂದು ಬಿಟ್ಟು ಉಳಿದಿದ್ದು ಕೊಡಿ ಅಂದ್ರೆ ಸೆಟ್ ಒಡೆಯಲ್ಲ ಅಂದ. ನಾಲ್ಕನೇ ಕ್ಲಾಸಿಂದು, 64 ಪುಟ, 380 ರೂಪಾಯಿ. ಮ್ಯಾಥ್ಸ್ ಪುಸ್ತಕಕ್ಕಿಂತ ಇದಕ್ಕೇ ರೇಟ್ ಜಾಸ್ತಿ! ಪ್ರಕಾಶಕರ ಹೆಸ್ರು ಬರೆಯಲ್ಲ, ನಮ್ಮ ಬಿಲ್ಡಿಂಗಲ್ಲೇ ಮೂರು ಸ್ಕೂಲಿನ ಮೂರು ಬೇರೆ ಬೇರೆ ಪುಸ್ತಕ ನೋಡ್ದೆ, ಹಣೇಬರಹ ಹೆಚ್ಚುಕಮ್ಮಿ ಒಂದೇ.

ಪೇಪರ್ ಚೆನ್ನಾಗಿದೆ, ಸ್ಕೆಚ್‌ಪೆನ್ ಬಳಿದ್ರೂ ಹಿಂದೆ ಮೂಡಲ್ಲ. ಚಿತ್ರಗಳೂ ಚೆಂದ. ಕವರ್ ಮೇಲೆ ದಪ್ಪಕ್ಷರದಲ್ಲಿ ಎನ್‌ಇಪಿ 2020 (ರಾಷ್ಟ್ರೀಯ ಶಿಕ್ಷಣ ನೀತಿ) ಪ್ರಕಾರ ಅಂತ ಇದೆ, ಇಲ್ಲಿ ಮಹಾರಾಷ್ಟ್ರ ಸ್ಟೇಟ್ ಬೋರ್ಡಲ್ಲಿ ಹೊಸ ಪಠ್ಯ ಒಂದನೇ ಕ್ಲಾಸಿಂದ ಶುರುವಾಗಿದ್ದೇ 2025-26ರಲ್ಲಿ, ನಾಲ್ಕನೇ ಕ್ಲಾಸಿಗೆ ಆಗ ಬರೀ ಕವರ್ ಮೊದ್ಲು ಬಂದಿತ್ತು ಅನ್ಸುತ್ತೆ.

ಒಳಗಡೆ ವಿಷಯಕ್ಕೆ ಬರೋಣ. 31ನೇ ಪುಟ, ಹೊಂದಿಸಿ ಬರೆಯಿರಿ. ಎಡಗಡೆ ದೀಪಾವಳಿ, ಈದ್, ಕ್ರಿಸ್ಮಸ್, ಸಿಖ್ಖರ ಗುರುಪುರಬ್. ಬಲಗಡೆ ದೀಪ, ಶೇವಿಗೆ ಖೀರು, ಕೇಕು, ಲಂಗರ್ (ಗುರುದ್ವಾರದ ಊಟ). ಮುಗೀತು ಸರ್ವಧರ್ಮ. ಮಗಳು ಒಂದು ನಿಮಿಷದಲ್ಲಿ ಗೆರೆ ಎಳ್ದು ಮುಗ್ಸಿ ಕೇಳಿದ್ಳು, "ಅಮ್ಮ, ಊರಲ್ಲಿ ಅಜ್ಜಿ ಭೂತಕ್ಕೆ ಅಗೆಲು ಹಾಕ್ತಾರಲ್ಲ, ಅದ್ಯಾಕೆ ಇದ್ರಲ್ಲಿಲ್ಲ?" (ಭೂತ ಅಂದ್ರೆ ನಮ್ಮ ತುಳುನಾಡಿನ ದೈವ, ಅಗೆಲು ಅಂದ್ರೆ ಅದಕ್ಕೆ ಬಡಿಸೋ ಕೋಳಿ ಊಟದ ಎಡೆ.) ನಾನು ಚಟ್ನಿಗೆ ಕಾಯಿ ತುರೀತಿದ್ದೆ, ಟೀಚರ್ ಹತ್ರ ಕೇಳು ಅಂದೆ. ತಪ್ಪು ನಂದೇ, ಅವ್ಳು ಕೇಳ್ಲಿಲ್ಲ, ಕೆಳಗೆ ಪೆನ್ನಲ್ಲಿ ತಾನೇ ಒಂದು ಸಾಲು ಸೇರಿಸಿದ್ಳು: ಭೂತ, ಅದರೆದುರು ಕೋಳಿ. ಟೀಚರ್ ಕೆಂಪಿಂಕಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳ್ಸಿದಾರೆ.

ನಾನು ಓದಿದ್ದು ಮಂಗಳೂರು ಕಡೆ ಸಿಸ್ಟರ್‌ಗಳ ಶಾಲೇಲಿ. ಬೆಲ್ ಹೊಡೆದ್ರೆ ಕ್ರಿಶ್ಚಿಯನ್ ಮಕ್ಕಳೆಲ್ಲ ಆಚೆ ರೂಮಿಗೆ ಕ್ಯಾಟೆಕಿಸಂಗೆ (ಅವರ ಧರ್ಮಪಾಠ), ನಾವು ಇಲ್ಲೇ ಮಾರಲ್ ಸೈನ್ಸಿಗೆ. ಅದೇನು ಸ್ವರ್ಗ ಅಂತಲ್ಲ, ಆ ರೂಮಲ್ಲಿ ಏನು ನಡೆಯುತ್ತೆ ಅಂತ ನಮಗೆ ಹತ್ತನೇ ಕ್ಲಾಸ್ ತನಕ ಗೊತ್ತಾಗ್ಲಿಲ್ಲ, ಕಿಟಕೀಲಿ ಇಣುಕಿ ಬೈಸ್ಕೊಂಡಿದ್ದೂ ಇದೆ. ಆದ್ರೆ ಆ ಪೀರಿಯಡ್ಡಿಗೆ ಅಂತ ಒಬ್ರು ಸಿಸ್ಟರ್ ಇದ್ರು, ಕಥೆ ಹೇಳಿ ನೀನಾಗಿದ್ರೆ ಏನ್ಮಾಡ್ತಿದ್ದೆ ಅಂತ ನಿಲ್ಲಿಸಿ ಕೇಳ್ತಿದ್ರು. ಈಗ ಆ ಜಾಗದಲ್ಲಿ ಈ ವರ್ಕ್‌ಬುಕ್ ಕೂತಿದೆ, ವಾರಕ್ಕೊಂದೇ ಪೀರಿಯಡ್, ಅದೂ ಯೂನಿಟ್ ಟೆಸ್ಟ್ ಬಂದ್ರೆ ಮ್ಯಾಥ್ಸ್ ರಿವಿಷನ್ನಿಗೆ ಹೋಗುತ್ತೆ.

ಪೇರೆಂಟ್ಸ್ ಮೀಟಿಂಗಲ್ಲಿ ಕೇಳ್ದೆ. ಮೌಲ್ಯ ಈಗ ಬೇರೆ ಸಬ್ಜೆಕ್ಟ್ ಅಲ್ಲ ಮೇಡಂ, ಎಲ್ಲಾ ಸಬ್ಜೆಕ್ಟಲ್ಲೂ ಬರುತ್ತೆ ಅಂದ್ರು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಲ್ಲೂ ಹಾಗೇ ಇದೆ, ಮೌಲ್ಯಗಳು ಪಾಠದಲ್ಲೂ ಶಾಲೆಯ ನಡೆನುಡಿಯಲ್ಲೂ ಬೆರೀಬೇಕು ಅಂತ, ಐಡಿಯಾ ಕೆಟ್ಟದ್ದೇನಲ್ಲ. ಆದ್ರೆ ಹತ್ತು ಜನ ಸೇರಿದ್ರೆ ಹಾವು ಸಾಯಲ್ಲ ಅಂತಾರಲ್ಲ, ಹಾಗಾಗಿದೆ, ಇವಿಎಸ್ (ಪರಿಸರ ಅಧ್ಯಯನ) ಟೀಚರ್ ಇಂಗ್ಲಿಷ್ ಟೀಚರನ್ನ ತೋರಿಸ್ತಾರೆ, ಅವ್ರು ಇವ್ರನ್ನ. ಧರ್ಮಗಳ ಬಗ್ಗೆ ಸ್ವಲ್ಪ ಸರಿಯಾಗಿ ಹೇಳ್ಕೊಡಬಹುದಲ್ವಾ ಅಂದಿದ್ದಕ್ಕೆ ಕಾನೂನು ಒಪ್ಪಲ್ಲ ಅಂದ್ರು. ಅದು ಪೂರ್ತಿ ಸರಿಯಲ್ಲ. ಸಂವಿಧಾನದ 28ನೇ ವಿಧಿ ಧರ್ಮಬೋಧನೆ ಕೂಡದು ಅನ್ನೋದು ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆಗೆ, ಮಾನ್ಯತೆ ಅಥವಾ ಅನುದಾನ ಇರೋ ಬೇರೆ ಶಾಲೇಲಿ ಅಂಥ ಕ್ಲಾಸಿದ್ರೆ ಮಗು ಕೂರೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಷ್ಟೇ (ಇದು ತಿಳ್ಕೊಂಡಿರಿ, ಯಾವ ಬೋರ್ಡಾದ್ರೂ ಉಪಯೋಗಕ್ಕೆ ಬರುತ್ತೆ). ಒಂದು ಧರ್ಮ ಬೋಧಿಸೋದು ಬೇರೆ, ಧರ್ಮಗಳ ಬಗ್ಗೆ ತಿಳಿಸೋದು ಬೇರೆ ಅಂತ 1964-66ರ ಕೊಠಾರಿ ಶಿಕ್ಷಣ ಆಯೋಗವೇ ಹೇಳಿತ್ತು, 2002ರಲ್ಲಿ ಶಾಲಾ ಪಠ್ಯಕ್ರಮದ ಮೇಲಿನ ಅರುಣಾ ರಾಯ್ ಕೇಸಲ್ಲಿ ಸುಪ್ರೀಂ ಕೋರ್ಟೂ ಈ ವ್ಯತ್ಯಾಸ ಒಪ್ಕೊಂಡಿದೆ. ಈ ಪುಸ್ತಕ ಎರಡೂ ಮಾಡಲ್ಲ, ಬರೀ ತಿಂಡಿ ಲಿಸ್ಟ್ ಕೊಡುತ್ತೆ.

ಹಾಗಂತ ಶ್ಲೋಕ ತುಂಬಿದ್ರೆ ಸರಿಹೋಗುತ್ತೆ ಅಂತಲೂ ಅಲ್ಲ. 2024ರಲ್ಲಿ ಮಹಾರಾಷ್ಟ್ರದ ಪಠ್ಯಕ್ರಮದ ಕರಡಲ್ಲಿ ಗೀತೆಯ 12ನೇ ಅಧ್ಯಾಯ, ಮರಾಠಿ ಸಂತ ರಾಮದಾಸರ ಮನಾಚೆ ಶ್ಲೋಕ ಬಾಯಿಪಾಠದ ಮಾತು ಬಂದಾಗ ನಮ್ಮ ಸೊಸೈಟಿ ವಾಟ್ಸಾಪಲ್ಲಿ ಎರಡು ದಿನ ಜಗಳ, ಬೇಕು ಬೇಡ ಅಂತ. ಅರ್ಥ ಹೇಳೋರು ಯಾರು ಅಂತ ಒಬ್ರೂ ಕೇಳ್ಲಿಲ್ಲ. ನನ್ನ ಮಗಳು ಶನಿವಾರದ ಭಜನೇಲಿ ಹತ್ತು ಹಾಡು ತಪ್ಪಿಲ್ದೆ ಹಾಡ್ತಾಳೆ, ಒಂದರ ಅರ್ಥ ಕೇಳಿ ನೋಡಿ, ಫ್ಯಾನ್ ನೋಡ್ತಾಳೆ.

ಆ ಕೆಂಪು ಚಿಹ್ನೆ ಬಂದ ರಾತ್ರಿ ನಾನೇ ಕೂತು ನಮ್ಮ ಮಂಗಳೂರು ಕಡೆಯ ಮುಲ್ಕಿ ಕಥೆ ಹೇಳ್ದೆ. ಶಾಂಭವಿ ನದೀಲಿ ಬಪ್ಪ ಬ್ಯಾರಿ ಅನ್ನೋ ಮುಸ್ಲಿಂ ವ್ಯಾಪಾರಿಯ ದೋಣಿ ನಿಂತಿದ್ದು, ಆಮೇಲೆ ಅವನೇ ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದ್ದು, ಊರಿಗೇ ಬಪ್ಪನಾಡು ಅಂತ ಹೆಸ್ರಾಗಿದ್ದು. ಅಲ್ಲಿನ ದೊಡ್ಡ ಡೋಲು ಅವ್ಳು ನೋಡಿದಾಳೆ, ಅದಕ್ಕೆ ಕಣ್ಣರಳಿಸಿ ಕೇಳಿದ್ಳು. "ಹಾಗಾದ್ರೆ ಅವ್ನು ಕೇಕಾ, ಖೀರಾ, ದೀಪಾನಾ?" ಅಂದ್ಳು. ನಗು ತಡ್ಕೊಳ್ಳೋಕಾಗ್ಲಿಲ್ಲ. ಆಮೇಲೆ ಅರ್ಧ ಗಂಟೆ ಮಾತಾಡಿದ್ವಿ, ಅಷ್ಟು ಪ್ರಶ್ನೆ ಅವ್ಳು ವರ್ಷವಿಡೀ ಆ ಪುಸ್ತಕ ಇಟ್ಕೊಂಡು ಕೇಳಿಲ್ಲ.

5ಕ್ಕೆ 2 ಸ್ಟಾರ್, ಒಂದು ಪೇಪರಿಗೆ, ಒಂದು ಚಿತ್ರಕ್ಕೆ. ಕ್ಯುಆರ್ ಕೋಡ್ ಎರಡು ಫೋನಲ್ಲಿ ಟ್ರೈ ಮಾಡಿದ್ರೂ ಓಪನ್ ಆಗ್ಲಿಲ್ಲ. ಬೋರಿವಲಿ, ದಹಿಸರ್ ಕಡೆ ನಾಲ್ಕನೇ ಕ್ಲಾಸಿಗೆ ಹೋಗೋ ಮಕ್ಕಳಿದ್ರೆ ಹೇಳಿ, ಹೊಸದಕ್ಕೆ 380 ಕೊಡ್ಬೇಡಿ, ನಮ್ಮದನ್ನೇ ಕೊಡ್ತೀನಿ, ಎಲ್ಲಾ ಪೆನ್ಸಿಲ್ಲಲ್ಲಿ ಬರ್ದಿರೋದು, ಅಳಿಸ್ಬಹುದು. 31ನೇ ಪುಟದಲ್ಲಿ ಮಾತ್ರ ಪೆನ್ನಲ್ಲಿ ಒಂದು ಸಾಲು ಜಾಸ್ತಿ ಇದೆ.