ರ‍್ಯಾಂಕ್ ಏರಿತು, ತಂಡ ಏರಲಿಲ್ಲ: ಗೆನ್‌ಶಿನ್ ಇಂಪ್ಯಾಕ್ಟ್ ಹೊಸಬರಿಗೆ ಒಂದು ಎಚ್ಚರಿಕೆ

ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ವಿಡಿಯೊ ಗೇಮ್ ಶುರು ಮಾಡಿ ಒಂದೆರಡು ತಿಂಗಳಾದ ಅಕೌಂಟುಗಳಲ್ಲಿ ಒಂದೇ ಗೋಳು ಮತ್ತೆ ಮತ್ತೆ ಕಾಣುತ್ತದೆ. ಅಡ್ವೆಂಚರ್ ರ‍್ಯಾಂಕ್ (ಆಡುವವರ ಒಟ್ಟು ದರ್ಜೆ) 35 ದಾಟಿರುತ್ತದೆ, ವರ್ಲ್ಡ್ ಲೆವೆಲ್ (ಶತ್ರುಗಳ ಬಲದ ಹಂತ) 4ಕ್ಕೆ ಬಂದಿರುತ್ತದೆ. ಏಳೆಂಟು ಪಾತ್ರಗಳು ಲೆವೆಲ್ 40ರಲ್ಲೇ ನಿಂತಿರುತ್ತವೆ. ವೆಪನ್‌ಗಳು 20ರಲ್ಲಿ, ಆರ್ಟಿಫ್ಯಾಕ್ಟ್‌ಗಳು (ಪಾತ್ರಕ್ಕೆ ತೊಡಿಸಿ ಬಲ ಹೆಚ್ಚಿಸುವ ವಸ್ತುಗಳು) ದಾರಿಯಲ್ಲಿ ಸಿಕ್ಕ ಮೂರು ಸ್ಟಾರಿನವು. ಕೈಯಲ್ಲಿ ಲೆವೆಲ್ ಏರಿಸುವ ಪುಸ್ತಕವೂ ಇಲ್ಲ, ಆಟದ ನಾಣ್ಯವಾದ ಮೋರಾವೂ ಇಲ್ಲ. ಇದು ಆಡುವವರ ಕೈಚಳಕದ ಕೊರತೆಯಲ್ಲ. ಆಟದ ಒಳಲೆಕ್ಕ ಗೊತ್ತಿಲ್ಲದೆ ಆಗುವ ಅನಾಹುತ. ಇದೇ ಹಂತದಲ್ಲಿ ಬೇಸತ್ತು ಆಟ ಬಿಡುವವರು ಬಹಳ, ಅದಕ್ಕೇ ಇಷ್ಟು ವಿವರವಾಗಿ ಬರೆಯಬೇಕಾಯಿತು.

ಸಿಕ್ಕಿಬಿದ್ದದ್ದು ಮೊದಲು ಗೊತ್ತಾಗುವುದು ಸಾಮಾನ್ಯವಾಗಿ ಬಾಸ್ ಮುಂದೆ. ಮಾಂಡ್‌ಸ್ಟಾಟ್‌ನ ಕೇಪ್ ಓತ್‌ನಲ್ಲಿರುವ ಎಲೆಕ್ಟ್ರೋ (ಮಿಂಚಿನ ಶಕ್ತಿಯ) ಹೈಪೊಸ್ಟಾಸಿಸ್ ಎಂಬ ಬಾಸ್ ತೆಗೆದುಕೊಳ್ಳಿ. ಫಿಶ್ಲ್, ರೇಜರ್, ಲೀಸಾ ಮುಂತಾದ ಎಲೆಕ್ಟ್ರೋ ಪಾತ್ರಗಳನ್ನು 40ರಿಂದ ಮೇಲಕ್ಕೆ ಅಸೆಂಡ್ ಮಾಡಲು (ಲೆವೆಲ್ ಮಿತಿ ಏರಿಸಲು) ಅದರಿಂದ ಬೀಳುವ ಲೈಟ್ನಿಂಗ್ ಪ್ರಿಸಂ ಬೇಕೇ ಬೇಕು. ಆದರೆ ಅದಕ್ಕೆ ಎಲೆಕ್ಟ್ರೋ ಏಟು ತಾಗುವುದೇ ಇಲ್ಲ. ಅಂದರೆ ಯಾರಿಗಾಗಿ ಹೊಡೆಯುತ್ತಿದ್ದೀರೋ ಅವರ ಶಕ್ತಿಯೇ ಅಲ್ಲಿ ಕೆಲಸಕ್ಕೆ ಬಾರದು. ಚಿಪ್ಪು ಮುಚ್ಚಿಕೊಂಡಿರುವಷ್ಟು ಹೊತ್ತು ಏನು ಮಾಡಿದರೂ ಅದಕ್ಕೆ ನೋವಿಲ್ಲ. ಒಂದೊಂದು ದಾಳಿ ಮುಗಿದ ಮೇಲೆ ಒಳಗಿನ ತಿರುಳು ಕೆಲವೇ ಸೆಕೆಂಡು ಹೊರಗೆ ಕಾಣುತ್ತದೆ, ಅಷ್ಟರಲ್ಲಿ ಹೊಡೆದದ್ದೇ ಲಾಭ. ಜೀವ ಮುಗಿಯುತ್ತ ಬಂದಾಗ ಅದು ಸುತ್ತಲೂ ಮೂರು ಪ್ರಿಸಂ ನಿಲ್ಲಿಸುತ್ತದೆ. ಎಲೆಕ್ಟ್ರೋ ಜೊತೆ ರಿಯಾಕ್ಷನ್ ಆಗುವ ಬೇರೆ ಎಲಿಮೆಂಟ್‌ನಿಂದ ಆ ಮೂರನ್ನೂ ಒಡೆಯಬೇಕು. ಒಡೆಯದೆ ಉಳಿದರೆ ಅದು ಜೀವ ತುಂಬಿಕೊಂಡು ಮತ್ತೆ ಏಳುತ್ತದೆ. ವೆಪನ್ 20ರಲ್ಲಿರುವ ತಂಡಕ್ಕೆ ತಿರುಳು ತೆರೆದಿರುವ ಸಮಯವೂ ಸಾಲದು, ಪ್ರಿಸಂ ಒಡೆಯಲು ಇರುವ ಸಮಯವೂ ಸಾಲದು. ಸೋತರೆ ರೆಸಿನ್ (ಬಹುಮಾನ ಪಡೆಯಲು ಖರ್ಚಾಗುವ, ಹೊತ್ತು ಕಳೆದಂತೆ ತುಂಬುವ ಅಂಕ) ಹೋಗುವುದಿಲ್ಲ ಎಂಬುದೊಂದೇ ಸಮಾಧಾನ. 40 ರೆಸಿನ್ ಖರ್ಚಾಗುವುದು ಗೆದ್ದು ಬಹುಮಾನ ತೆಗೆದುಕೊಳ್ಳುವಾಗ ಮಾತ್ರ.

ಇಲ್ಲಿಗೆ ಬಂದು ಮುಟ್ಟುವುದು ಹೇಗೆ? ಅಡ್ವೆಂಚರ್ ರ‍್ಯಾಂಕ್ ಏರುವುದಕ್ಕೆ ಬಲ ಬೇಕಿಲ್ಲ. ಪೆಟ್ಟಿಗೆ ತೆರೆದರೆ, ವೇಪಾಯಿಂಟ್ ಮುಟ್ಟಿದರೆ, ಕ್ವೆಸ್ಟ್ ಮುಗಿಸಿದರೆ ಏರುತ್ತದೆ. ರ‍್ಯಾಂಕ್ 12ರ ನಂತರ ದಿನದ ನಾಲ್ಕು ಕಮಿಷನ್ (ಚಿಕ್ಕ ಕೆಲಸ) ಮುಗಿಸಿ ಅಡ್ವೆಂಚರರ್ಸ್ ಗಿಲ್ಡ್‌ನ ಕ್ಯಾಥರಿನ್ ಹತ್ತಿರ ಬಹುಮಾನ ಪಡೆದರೆ ಏರುತ್ತದೆ, ರೆಸಿನ್ ಖರ್ಚು ಮಾಡಿದರೂ ಏರುತ್ತದೆ. 20 ರೆಸಿನ್‌ಗೆ 100 ರ‍್ಯಾಂಕ್ ಅಂಕ. ಆದರೆ ರ‍್ಯಾಂಕ್ ಏರಿದ ಹಾಗೆ ವರ್ಲ್ಡ್ ಲೆವೆಲ್ ಕೂಡ ಏರುತ್ತದೆ: 20ಕ್ಕೆ 1, 25ಕ್ಕೆ 2, 30ಕ್ಕೆ 3, 35ಕ್ಕೆ 4, 40ಕ್ಕೆ 5, 45ಕ್ಕೆ 6, 50ಕ್ಕೆ 7, 55ಕ್ಕೆ 8. ಪ್ರತಿ ಸಲವೂ ಹೊರಗಿನ ಶತ್ರುಗಳು, ಬಾಸ್‌ಗಳು ಗಟ್ಟಿಯಾಗುತ್ತಾರೆ. ನಿಮ್ಮ ಪಾತ್ರಗಳು ತಾವಾಗಿಯೇ ಒಂದು ಲೆವೆಲ್ ಕೂಡ ಏರುವುದಿಲ್ಲ.

ಇದರಲ್ಲಿ ಒಂದು ಸೂಕ್ಷ್ಮವಿದೆ, ಹೊಸಬರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. 25, 35, 45, 50ರಲ್ಲಿ ಮಾತ್ರ ಬಾಗಿಲಿದೆ. ಅಲ್ಲಿ ಅಸೆಂಷನ್ ಕ್ವೆಸ್ಟ್ ಮುಗಿಸುವ ತನಕ ವರ್ಲ್ಡ್ ಲೆವೆಲ್ ಏರದು. 20, 30, 40, 55ರಲ್ಲಿ ಬಾಗಿಲಿಲ್ಲ. ಕಮಿಷನ್ ಮುಗಿಸಿ ಬಹುಮಾನ ಒತ್ತಿದ ಕ್ಷಣದಲ್ಲೇ ಏರಿಬಿಡಬಹುದು. ಹಾಗಾಗಿ 25ರ ಬಾಗಿಲಲ್ಲಿ ನಿಂತು ತಯಾರಾಗುವುದು ಎಂದರೆ 30ರ ಏರಿಕೆಗೂ ಸೇರಿಸಿಯೇ ತಯಾರಾಗುವುದು. ಬಾಗಿಲಲ್ಲಿ ನಿಂತಿರುವಾಗ ಗಳಿಸಿದ ಅಂಕ ವ್ಯರ್ಥವಾಗದೆ ಕೂಡಿಕೊಳ್ಳುತ್ತ ಹೋಗುತ್ತದೆ, ಇದನ್ನೂ ನೆನಪಿಡಿ. ತುಂಬಾ ದಿನ ನಿಂತು ಕ್ವೆಸ್ಟ್ ಮುಗಿಸಿದರೆ ರ‍್ಯಾಂಕ್ ಒಂದೇ ಏಟಿಗೆ ಹಲವು ಮೆಟ್ಟಿಲು ಹಾರುತ್ತದೆ. ವರ್ಲ್ಡ್ ಲೆವೆಲ್ 2 ನೋಡುವ ಮೊದಲೇ 3ಕ್ಕೆ ಬಂದು ನಿಲ್ಲಬಹುದು.

ಹಾಗಂತ ಬಾಗಿಲಲ್ಲೇ ಠಿಕಾಣಿ ಹೂಡುವುದೂ ನಷ್ಟವೇ. ಚಿನ್ನದ ಬಣ್ಣದ ಲೇ ಲೈನ್ ಹೂವಿಗೆ ವರ್ಲ್ಡ್ ಲೆವೆಲ್ 0ರಲ್ಲಿ 12,000 ಮೋರಾ ಸಿಗುತ್ತದೆ, 2ರಲ್ಲಿ 28,000, 4ರಲ್ಲಿ 44,000, 6ರಲ್ಲಿ 60,000. ಖರ್ಚಾಗುವ ರೆಸಿನ್ ಎಲ್ಲ ಕಡೆಯೂ ಅದೇ 20. ಆದ್ದರಿಂದ ತಂಡ ತಯಾರಾದ ದಿನವೇ ದಾಟಬೇಕು. ತಯಾರಿ ಎಂದರೆ ಎಷ್ಟು? 25ರ ಕ್ವೆಸ್ಟ್‌ಗೆ ಮುಖ್ಯ ಹೊಡೆತದ ಪಾತ್ರ 40, ಅದರ ವೆಪನ್ ಕೂಡ 40. 35ರ ಕ್ವೆಸ್ಟ್‌ಗೆ ಎರಡೂ 60. 45ಕ್ಕೆ ಎರಡೂ 70, ಸಾಧ್ಯವಾದರೆ 80. ವಾಸಿ ಮಾಡುವ ಪಾತ್ರ ಇದಕ್ಕಿಂತ ಒಂದು ಹಂತ ಕೆಳಗಿದ್ದರೂ ನಡೆಯುತ್ತದೆ.

ಈಗ ಪುಸ್ತಕದ ಲೆಕ್ಕ. ನಿಜವಾದ ಪೆಟ್ಟು ಬೀಳುವುದು ಇಲ್ಲೇ. ಒಂದು ಹೀರೋಸ್ ವಿಟ್ ಪುಸ್ತಕದಲ್ಲಿ 20,000 ಅನುಭವಾಂಕ ಇದೆ, ಅದನ್ನು ಬಳಸಲು 4,000 ಮೋರಾ ಬೇಕು. ಒಂದು ಪಾತ್ರವನ್ನು 1ರಿಂದ 40ಕ್ಕೆ ತರಲು 6,98,500 ಅಂಕ, ಅಂದರೆ ಸುಮಾರು 35 ಪುಸ್ತಕ. 1ರಿಂದ 60ಕ್ಕೆ 21,31,725. 1ರಿಂದ 80ಕ್ಕೆ 49,39,525. ಏಳು ಪಾತ್ರಗಳನ್ನು 40ಕ್ಕೆ ತಂದರೆ 48,89,500 ಅಂಕ ಖರ್ಚಾಯಿತು, ಹತ್ತಿರ ಹತ್ತಿರ ಒಂದು ಪಾತ್ರವನ್ನು 80ಕ್ಕೆ ತರುವಷ್ಟು! ಅದೇ ಪುಸ್ತಕದಲ್ಲಿ ಎರಡು ಪಾತ್ರ 60ಕ್ಕೆ ಬಂದು, ಮೂರನೆಯದು 40ರ ಹತ್ತಿರ ಬರುತ್ತಿತ್ತು. ವಿಶ್‌ನಲ್ಲಿ (ಆಟದ ಲಾಟರಿಯಲ್ಲಿ) ಹೊಸ ಪಾತ್ರ ಬಂದಾಗಲೆಲ್ಲ ಒಂದಷ್ಟು ಪುಸ್ತಕ ಸುರಿದು ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಸುರಿದ ಪುಸ್ತಕ ವಾಪಸ್ ಬರುವುದಿಲ್ಲ. ಪಾತ್ರ ಹೇಗಿದೆ ಎಂದು ನೋಡಬೇಕಿದ್ದರೆ ಟ್ರಯಲ್‌ನಲ್ಲಿ ಆಡಿ ನೋಡಿ.

ಇನ್ನೊಂದು ತುದಿಯ ತಪ್ಪೂ ಇದೆ. ಒಂದೇ ಪಾತ್ರವನ್ನು 90ಕ್ಕೆ ಒಯ್ಯುವ ಹಟ. 80ರಿಂದ 90ಕ್ಕೇ 34,23,125 ಅಂಕ ಬೇಕು. ಒಟ್ಟು 83,62,650ರಲ್ಲಿ ಹತ್ತಿರ ಹತ್ತಿರ ಐದರಲ್ಲಿ ಎರಡು ಪಾಲು ಆ ಕೊನೆಯ ಹತ್ತು ಲೆವೆಲ್‌ಗೇ ಹೋಗುತ್ತದೆ. ಹೊಸ ಅಕೌಂಟಿಗೆ ಆ ಪುಸ್ತಕ ಬೇರೆ ಕಡೆ ಬೇಕು.

ಎಲ್ಲಕ್ಕಿಂತ ಹೆಚ್ಚು ಮರೆಯುವುದು ವೆಪನ್. ದಾಳಿಯ ಮೂಲ ಸಂಖ್ಯೆ ಪಾತ್ರದ್ದೂ ವೆಪನ್‌ದೂ ಕೂಡಿ ಆಗುವುದು, ಆರ್ಟಿಫ್ಯಾಕ್ಟ್‌ನ ಶೇಕಡಾವಾರು ಏರಿಕೆ ಆ ಮೊತ್ತದ ಮೇಲೆ. ಶಿಯಾಂಗ್‌ಲಿಂಗ್ ಎಂಬ ಪಾತ್ರ ಲೆವೆಲ್ 90ರಲ್ಲಿ ತಾನಾಗಿ ಕೊಡುವುದು 225. ಅವಳ ಕೈಯ ದ ಕ್ಯಾಚ್ ಎಂಬ ನಾಲ್ಕು ಸ್ಟಾರಿನ ಈಟಿ 90ರಲ್ಲಿ ಕೊಡುವುದು 510. ವೆಪನ್ ಪಾಲೇ ಎರಡರಷ್ಟಕ್ಕಿಂತ ಹೆಚ್ಚು! ಐದು ಸ್ಟಾರಿನ ಸ್ಯಾಂಡ್ಸ್ ಆರ್ಟಿಫ್ಯಾಕ್ಟ್ +20ಕ್ಕೆ ಬಂದಾಗ ಕೊಡುವ ಶೇ. 46.6 ದಾಳಿ ಕೂಡ ಈ ಮೊತ್ತಕ್ಕೆ ಅನ್ವಯ. ವೆಪನ್ 20ರಲ್ಲೇ ಇದ್ದರೆ ಮೇಲೆ ಏನು ಹಾಕಿದರೂ ಮೇಲೇಳದು. ಪಾತ್ರಕ್ಕಿಂತ ಮೊದಲು ವೆಪನ್ ಏರಿಸಿದವರು ಯಾರೂ ಕೆಟ್ಟಿಲ್ಲ. ಅದಿರು ಬಗೆದು ಕಮ್ಮಾರನ ಹತ್ತಿರ ಮಿಸ್ಟಿಕ್ ಎನ್‌ಹಾನ್ಸ್‌ಮೆಂಟ್ ಓರ್ ಮಾಡಿಸಿದರೆ ಒಂದಕ್ಕೆ 10,000 ವೆಪನ್ ಅಂಕ, ಅದಕ್ಕೆ ರೆಸಿನ್ ಬೇಡ. ಮ್ಯಾಪ್‌ನಲ್ಲಿ ಅದಿರಿನ ಜಾಗಗಳಿಗೆ ಗುರುತು ಹಾಕಿಕೊಂಡು ಎರಡು ಮೂರು ದಿನಕ್ಕೊಮ್ಮೆ ಸುತ್ತಿ ಬಂದರೆ ಸಾಕು.

ದ ಕ್ಯಾಚ್‌ಗೆ ದುಡ್ಡೂ ಬೇಡ, ವಿಶ್ ಕೂಡ ಬೇಡ. ಆಟದ ಇನಾಜುಮಾ ಪ್ರದೇಶ ತಲುಪಿದ ಮೇಲೆ ಮೀನು ಹಿಡಿದು ಪಡೆಯುವುದು: 20 ಗೋಲ್ಡನ್ ಕೋಯ್, 20 ರಸ್ಟಿ ಕೋಯ್, 6 ರೈಮೆಯ್ ಏಂಜೆಲ್‌ಫಿಶ್. ಕೊನೆಯದು ಕಾಣಿಸುವುದು ಆಟದ ಗಡಿಯಾರದ ರಾತ್ರಿ ಹೊತ್ತಿನಲ್ಲಿ ಮಾತ್ರ. ಶಿಯಾಂಗ್‌ಲಿಂಗ್ ಕೂಡ ಪುಕ್ಕಟೆ. ರ‍್ಯಾಂಕ್ 20ರಲ್ಲಿ ಸ್ಪೈರಲ್ ಅಬಿಸ್ ತೆರೆಯುತ್ತದೆ, ಅದರ ಮೂರನೇ ಮಹಡಿಯ ಮೂರನೇ ಕೋಣೆ ಗೆದ್ದರೆ ಬರುತ್ತಾಳೆ. ಯಾರನ್ನು ಬೆಳೆಸಬೇಕು ಎಂಬ ಗೊಂದಲವಿದ್ದರೆ ಇವಳನ್ನೇ ಹಿಡಿಯಿರಿ. ಇವಳ ಪೈರೊನ್ಯಾಡೋ ಎಂಬ ಬರ್ಸ್ಟ್ (ವಿಶೇಷ ದಾಳಿ) ಆಟದ ಕೊನೆಯ ಹಂತಗಳ ತನಕವೂ ಕೆಲಸಕ್ಕೆ ಬರುತ್ತದೆ. ದಾಳಿಗಳನ್ನು ಬಲಪಡಿಸುವ ಟ್ಯಾಲೆಂಟ್ ಪುಸ್ತಕವನ್ನು ಆ ಬರ್ಸ್ಟ್‌ಗೇ ಹಾಕಿ. ಇವಳ ಸಾಮಾನ್ಯ ಹೊಡೆತ ಲೆವೆಲ್ 1ರಲ್ಲೇ ಇದ್ದರೂ ಏನೂ ಕೆಡುವುದಿಲ್ಲ. ಇವಳ ಅಸೆಂಷನ್‌ಗೆ ಬೇಕಾದ ಜುಯೆಯುನ್ ಚಿಲ್ಲಿ ಲಿಯುಯೆಯ ಚಿಂಗ್‌ಸೆ ಹಳ್ಳಿಯಲ್ಲಿ ಬೆಳೆದಿರುತ್ತದೆ. ಕಿತ್ತ ಗಿಡ ಮತ್ತೆ ಚಿಗುರಲು ಎರಡು ದಿನ ಬೇಕು, ಲೆವೆಲ್ 90ರ ತನಕ ಒಟ್ಟು 168 ಬೇಕು. ಅದನ್ನು ಈಗಿನಿಂದಲೇ ಕೂಡಿಡುತ್ತ ಬನ್ನಿ.

ಆರ್ಟಿಫ್ಯಾಕ್ಟ್ ಡೊಮೈನ್‌ಗೆ (ಅವು ಸಿಗುವ ಸವಾಲಿನ ತಾಣಕ್ಕೆ) ರ‍್ಯಾಂಕ್ 45ಕ್ಕೆ ಮೊದಲು ರೆಸಿನ್ ಹಾಕಬೇಡಿ. ಪ್ರತಿ ಸಲ ಕನಿಷ್ಠ ಒಂದು ಐದು ಸ್ಟಾರಿನದು ಖಾತ್ರಿಯಾಗುವುದು 45ರಿಂದ. ಅಲ್ಲಿಯ ತನಕ ಸಿಕ್ಕಿದ ನಾಲ್ಕು ಸ್ಟಾರಿನವು ಸಾಕು. ಸ್ಯಾಂಡ್ಸ್, ಗಾಬ್ಲೆಟ್, ಸರ್ಕ್ಲೆಟ್ ಈ ಮೂರರಲ್ಲಿ ಮುಖ್ಯ ಅಂಕ ಸರಿ ಇದೆಯೇ ನೋಡಿ ಹಾಕಿ, ಸೆಟ್ ಹೊಂದಿಸುವ ಚಿಂತೆ ಬೇಡ. ಮುಂದೆ ಅದನ್ನೇ ಹೊಸದಕ್ಕೆ ತಿನ್ನಿಸಿದರೆ ಹಾಕಿದ ಅಂಕದಲ್ಲಿ ಶೇ. 80 ವಾಪಸ್ ಬರುತ್ತದೆ. ಪಾತ್ರಕ್ಕೆ ಸುರಿದ ಪುಸ್ತಕಕ್ಕೆ ಈ ಅನುಕೂಲವಿಲ್ಲ.

ಫ್ರಾಜೈಲ್ ರೆಸಿನ್ ಕತೆಯೂ ಇದೇ. ರ‍್ಯಾಂಕ್ ಏರಿದಾಗ ಬಹುಮಾನವಾಗಿ ಬರುವ ಒಂದೊಂದರಲ್ಲೂ 60 ರೆಸಿನ್, ಅಂದರೆ ಮೂರು ಲೇ ಲೈನ್ ಹೂವು. ವರ್ಲ್ಡ್ ಲೆವೆಲ್ 2ರಲ್ಲಿ ಒಡೆದರೆ 84,000 ಮೋರಾ, 6ರಲ್ಲಿ ಒಡೆದರೆ 1,80,000. ಕೈ ಕಟ್ಟಿಕೊಂಡು 45ರ ತನಕ ಕಾಯಿರಿ. ಮಾಮೂಲಿ ರೆಸಿನ್ ಮಾತ್ರ ಕಾಯಿಸಬೇಡಿ. 8 ನಿಮಿಷಕ್ಕೆ ಒಂದರಂತೆ ತುಂಬುತ್ತದೆ, ದಿನಕ್ಕೆ 180. 200 ತುಂಬಿದ ಮೇಲೆ ನಿಂತುಬಿಡುತ್ತದೆ. ಏಷ್ಯಾ ಸರ್ವರ್‌ನಲ್ಲಿ ದಿನ ಬದಲಾಗುವುದು ನಮ್ಮ ಗಡಿಯಾರದಲ್ಲಿ ರಾತ್ರಿ 1.30ಕ್ಕೆ. ಮಲಗುವ ಮೊದಲು ಕಮಿಷನ್ ಮುಗಿಸುವುದು ಒಳ್ಳೆಯದು.

ಸರ್ವರ್ ಮಾತು ಬಂತಲ್ಲ, ಶುರುವಿನಲ್ಲೇ ಯೋಚಿಸಿ ಆರಿಸಿ. ಒಂದು ಸರ್ವರ್‌ನಲ್ಲಿ ಬೆಳೆಸಿದ್ದನ್ನು ಇನ್ನೊಂದಕ್ಕೆ ಒಯ್ಯಲು ಬರುವುದಿಲ್ಲ, ಸರ್ವರ್ ಬೇರೆಯಾದರೆ ಜೊತೆಯಲ್ಲಿ ಆಡಲೂ ಆಗದು. ಅಣ್ಣ ಬೆಂಗಳೂರಿನಲ್ಲಿ ಏಷ್ಯಾ, ತಮ್ಮ ಡಲ್ಲಾಸ್‌ನಲ್ಲಿ ಅಮೆರಿಕ ಎಂದು ಆರಿಸಿಕೊಂಡರೆ ಇಬ್ಬರೂ ಒಂದೇ ಲೋಕದಲ್ಲಿ ಸೇರುವುದೇ ಇಲ್ಲ. ಮೊದಲೇ ಮಾತಾಡಿಕೊಳ್ಳಿ.

ದುಡ್ಡು ಕೊಟ್ಟರೆ ಲೆವೆಲ್ ಏರಿಸಿಕೊಡುತ್ತೇವೆ ಎನ್ನುವವರ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಪಾಸ್‌ವರ್ಡ್ ಕೊಟ್ಟ ಮೇಲೆ ಅಕೌಂಟ್ ನಿಮ್ಮ ಹಿಡಿತದಲ್ಲಿ ಇಲ್ಲ. ಅಕೌಂಟ್ ಇನ್ನೊಬ್ಬರಿಗೆ ಕೊಡುವುದು ಆಟದ ನಿಯಮಕ್ಕೂ ವಿರುದ್ಧ, ಕಳೆದುಕೊಂಡರೆ ದೂರು ಕೊಡಲು ಮುಖವಿರದು. ಪ್ರಾಮಾಣಿಕವಾಗಿ ವಾಪಸ್ ಕೊಟ್ಟರೂ ಅವರು ಏರಿಸಿರುವುದು ರ‍್ಯಾಂಕ್ ಮಾತ್ರ. ಪೆಟ್ಟಿಗೆಗಳೆಲ್ಲ ಖಾಲಿ, ಕ್ವೆಸ್ಟ್ ಕತೆಗಳೆಲ್ಲ ಮುಗಿದಿವೆ, ಶತ್ರುಗಳು ಗಟ್ಟಿಯಾಗಿದ್ದಾರೆ, ನಿಮ್ಮ ಪಾತ್ರಗಳು ಹಳೆಯ ಲೆವೆಲ್‌ನಲ್ಲೇ. ಮೇಲೆ ಹೇಳಿದ ಕೆಟ್ಟ ಸ್ಥಿತಿಯನ್ನೇ ಕಾಸು ಕೊಟ್ಟು ಕೊಂಡ ಹಾಗಾಯಿತು.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಹೊಸ ಅಕೌಂಟ್ ತೆರೆಯಬೇಡಿ, ಇದರಿಂದ ಹೊರಗೆ ಬರಬಹುದು. ಮೇಲಿನ ಹಂತಗಳಲ್ಲಿ ಮೆನುವಿನಿಂದ ವರ್ಲ್ಡ್ ಲೆವೆಲ್ ಒಂದು ಮೆಟ್ಟಿಲು ಇಳಿಸಿಕೊಳ್ಳಬಹುದು, ಒಮ್ಮೆ ಬದಲಿಸಿದರೆ 24 ಗಂಟೆ ಕಾಯಬೇಕು. ನಾಲ್ಕು ಪಾತ್ರ ಆರಿಸಿ, ಉಳಿದವರನ್ನು ಮುಟ್ಟದೆ ಬಿಡಿ. ಮೊದಲ ಕೆಲವು ದಿನದ ರೆಸಿನ್ ಪೂರ್ತಿ ಚಿನ್ನದ ಹೂವಿಗೆ, ಏಕೆಂದರೆ ಮೋರಾ ಇಲ್ಲದೆ ಪುಸ್ತಕವಿದ್ದೂ ಉಪಯೋಗವಿಲ್ಲ. ಆ ಮೋರಾದಲ್ಲಿ ಮೊದಲು ಮುಖ್ಯ ಪಾತ್ರದ ವೆಪನ್. ಆಮೇಲೆ ನೀಲಿ ಹೂವು, ಅದರ ಪುಸ್ತಕ ಆ ಒಬ್ಬರಿಗೇ. ಅಡ್ವೆಂಚರರ್ಸ್ ಹ್ಯಾಂಡ್‌ಬುಕ್ ತೆರೆದು ನೋಡಿ, ಮುಗಿಸದೆ ಬಿಟ್ಟ ಅಧ್ಯಾಯಗಳಲ್ಲಿ ಪುಸ್ತಕ, ಮೋರಾ ಬಾಕಿ ಇರುತ್ತವೆ. ಬಾಸ್ ಒಂಟಿಯಾಗಿ ಬೀಳದಿದ್ದರೆ ರ‍್ಯಾಂಕ್ 16ರಿಂದಲೇ ಕೋ-ಆಪ್ (ಬೇರೆಯವರ ಜೊತೆ ಸೇರಿ ಆಡುವುದು) ಇದೆ. ನಿಮಗಿಂತ ಮೇಲಿನ ವರ್ಲ್ಡ್ ಲೆವೆಲ್‌ನವರು ನಿಮ್ಮ ಲೋಕಕ್ಕೆ ಬರಬಹುದು, ನೀವು ಅವರ ಲೋಕಕ್ಕೆ ಹೋಗಲಾಗದು. ಬಂದವರಿಗೆ ನಿಮ್ಮ ಬಾಸ್ ಸುಲಭ. 40ರಿಂದ 50ಕ್ಕೆ ಅಸೆಂಡ್ ಮಾಡಲು ಬೇಕಾದ ಬಾಸ್ ವಸ್ತು ಎರಡೇ ಎರಡು, 50ರಿಂದ 60ಕ್ಕೆ ನಾಲ್ಕು.